ಯೋಚಿಸುವವನ ಜಾಗ

ಒಂದು ದೊಡ್ಡ ಮನೆಯನ್ನು ನೆನೆದುಕೊಳ್ಳಿ. ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ದುಡಿಯುವ ಕೈಗಳು ಹತ್ತಾರು. ನೀರು ಸೇದುವ ಕೈ, ರುಬ್ಬುವ ಕೈ, ಬಡಿಸುವ ಕೈ, ಮಗುವನ್ನು ತೂಗುವ ಕೈ. ಆದರೆ ಗದ್ದೆ ಮಾರಬೇಕೋ ಬೇಡವೋ, ಮಗಳನ್ನು ಯಾವ ಊರಿಗೆ ಕೊಡಬೇಕು ಎಂಬ ಮಾತು ಬಂದಾಗ ಆ ಕೈಗಳಿಗೆಲ್ಲ ಒಂದೇ ಉತ್ತರ: “ನಿನಗೇನು ತಿಳಿಯುತ್ತೆ, ಒಳಗೆ ಹೋಗು.” ದುಡಿಮೆಗೆ ಬೇಕು, ಯೋಚನೆಗೆ ಬೇಡ. ಈ ಮಾತನ್ನು ಒಮ್ಮೆಯೂ ಕೇಳದೆ ಬೆಳೆದ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೋ ನಾನರಿಯೆ.

ಇದೇ ಮಾತನ್ನು ಅಮೆರಿಕದಲ್ಲಿ ಒಂದು ಇಡೀ ಜನಾಂಗಕ್ಕೆ, ಅದೂ ಆಟದ ಮೈದಾನದಲ್ಲಿ, ದಶಕಗಳ ಕಾಲ ಹೇಳಲಾಗುತ್ತಿತ್ತು. ಆ ಮಾತಿಗೆ ಉತ್ತರ ಕೊಟ್ಟವರಲ್ಲಿ ಮುಖ್ಯನಾದ ಡಗ್ ವಿಲಿಯಮ್ಸ್ ಎಂಬ ಆಟಗಾರನ ಬಗ್ಗೆ, ಅವರನ್ನು ತಯಾರು ಮಾಡಿದ ಗ್ರಾಂಬ್ಲಿಂಗ್ ಎಂಬ ಬಡ ಕಾಲೇಜಿನ ಬಗ್ಗೆ ನಾಲ್ಕು ಮಾತು ಬರೆಯಬೇಕೆನ್ನಿಸಿದೆ. ಪತ್ರಿಕೆ ಕೈಗೆ ಬಂದಾಗ ಆಟದ ಪುಟವನ್ನು ಮಗುಚಿ ಮುಂದೆ ಹೋಗುವವರ ಪೈಕಿ ನಾನು. ಆದರೂ ಈ ಕಥೆಯನ್ನು ಮಾತ್ರ ಮಗುಚಿ ಹಾಕಲು ಮನಸ್ಸಾಗಲಿಲ್ಲ.

ಮೊದಲು ಆಟದ ವಿಷಯ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ನೋಡುವ ಕಾಲ್ಚೆಂಡಾಟವಲ್ಲ. ಅವರ ಚೆಂಡು ಎರಡು ತುದಿ ಚೂಪಾದ ಮೊಟ್ಟೆಯಂತಿರುತ್ತದೆ. ಅದನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ, ಕೈಯಲ್ಲೇ ಎಸೆಯುತ್ತಾರೆ. ಒಂದೊಂದು ಕಡೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಅವಕಾಶ. ಹೀಗೆ ಗಜ ಗಜವಾಗಿ ಎದುರಾಳಿಯ ನೆಲವನ್ನು ಗೆಲ್ಲುತ್ತ ಹೋಗಿ ಕೊನೆಯ ಗೆರೆ ದಾಟಿದರೆ ಅದು ಟಚ್‌ಡೌನ್.

ಈ ಹನ್ನೊಂದು ಜನರ ನಡುವೆ ಒಬ್ಬನಿರುತ್ತಾನೆ. ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೇ ಬರಬೇಕು. ಎದುರಿಗೆ ಬೆಟ್ಟದಂಥ ಆಳುಗಳು ಅವನನ್ನು ಕೆಡವಲೆಂದೇ ನುಗ್ಗಿ ಬರುತ್ತಿರುತ್ತಾರೆ. ಎರಡು ಮೂರು ಸೆಕೆಂಡುಗಳ ಒಳಗೆ ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು, ಇಲ್ಲ ತಾನೇ ಹಿಡಿದು ಓಡಬೇಕೋ ಎಂದು ಅವನು ತೀರ್ಮಾನಿಸಬೇಕು. ಹನ್ನೊಂದು ಜನರ ಪಾಠವೂ ಅವನಿಗೆ ಬಾಯಿಪಾಠವಾಗಿರಬೇಕು. ಗೆದ್ದರೆ ಹೊಗಳಿಕೆ ಅವನಿಗೆ, ಸೋತರೆ ಬೈಗುಳವೂ ಅವನಿಗೇ. ಅವನೇ ಕ್ವಾರ್ಟರ್‌ಬ್ಯಾಕ್. ಮನೆಯ ಯಜಮಾನಿಕೆ ಇದ್ದ ಹಾಗೆ ಆ ಜಾಗ.

ಆ ಜಾಗಕ್ಕೆ ಕಪ್ಪು ಹುಡುಗರು ಸಲ್ಲರು ಎಂಬುದು ವೃತ್ತಿಪರ ತಂಡಗಳಲ್ಲಿ ಬಹುಕಾಲ ನಡೆದುಬಂದ ನಂಬಿಕೆ. ಓಡಲು ಅವರು ಬೇಕು, ಚೆಂಡು ಹಿಡಿಯಲು ಬೇಕು, ಎದುರಾಳಿಯನ್ನು ಕೆಡವಲು ಬೇಕು. ಆದರೆ ಅವರಿಗೆ ತಂಡ ನಡೆಸಲು ಬಾರದು, ಒತ್ತಡದಲ್ಲಿ ತಲೆ ಓಡದು, ಬಿಳಿಯ ಆಟಗಾರರು ಅವರ ಮಾತು ಕೇಳಲಾರರು ಎಂದೆಲ್ಲ ಕಾರಣ ಕೊಡುತ್ತಿದ್ದರು. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಮೆರೆದು ಬಂದ ಕಪ್ಪು ಹುಡುಗನಿಗೆ ವೃತ್ತಿ ತಂಡ ಸೇರಿದ ಕೂಡಲೆ ಬೇರೆ ಜಾಗ ತೋರಿಸುತ್ತಿದ್ದರು. ಟೆನೆಸಿ ರಾಜ್ಯದಿಂದ ಬಂದ ಎಲ್ಡ್ರಿಜ್ ಡಿಕಿಯನ್ನು 1968ರಲ್ಲಿ ಓಕ್ಲೆಂಡ್ ತಂಡ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಆರಿಸಿ ಚೆಂಡು ಹಿಡಿಯುವ ಕೆಲಸಕ್ಕೆ ಹಾಕಿತು. ಅದೇ ವರ್ಷ ಡೆನ್ವರ್ ತಂಡದಲ್ಲಿ ಮಾರ್ಲಿನ್ ಬ್ರಿಸ್ಕೊ ಎಂಬ ಕಪ್ಪು ಯುವಕ ಕ್ವಾರ್ಟರ್‌ಬ್ಯಾಕ್ ಆಗಿ ಚೆನ್ನಾಗಿಯೇ ಆಡಿದ. ಮರುವರ್ಷ ಅವನಿಗೆ ಆ ಜಾಗ ಸಿಗಲಿಲ್ಲ. ಬೇರೆ ತಂಡಕ್ಕೆ ಹೋಗಿ ಅವನೂ ಚೆಂಡು ಹಿಡಿಯುವವನಾದ.

ಈಗ ಗ್ರಾಂಬ್ಲಿಂಗ್‌ಗೆ ಬರೋಣ. ಅದು ಅಮೆರಿಕದ ದಕ್ಷಿಣದ ಲೂಸಿಯಾನ ರಾಜ್ಯದ ಉತ್ತರ ಭಾಗದಲ್ಲಿರುವ ಪುಟ್ಟ ಊರು. ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅಲ್ಲಿನ ಕಪ್ಪು ರೈತರು ತಮ್ಮ ಮಕ್ಕಳಿಗಾಗಿ ಶಾಲೆ ಬೇಕೆಂದು ಹೊರಟರು. ಗುಲಾಮನಾಗಿ ಹುಟ್ಟಿ ದೊಡ್ಡ ಶಿಕ್ಷಣತಜ್ಞರಾದ ಬೂಕರ್ ಟಿ. ವಾಷಿಂಗ್ಟನ್ ಅವರ ನೆರವು ಕೇಳಿದರು. ಅವರು ಚಾರ್ಲ್ಸ್ ಆಡಮ್ಸ್ ಎಂಬುವರನ್ನು ಕಳಿಸಿಕೊಟ್ಟರು. 1901ರಲ್ಲಿ ಶುರುವಾದ ಆ ಶಾಲೆ ಬೆಳೆದು ಕಾಲೇಜಾಯಿತು, 1974ರಲ್ಲಿ ವಿಶ್ವವಿದ್ಯಾಲಯವಾಯಿತು.

1941ರಲ್ಲಿ ಇಪ್ಪತ್ತೆರಡು ವರ್ಷದ ಎಡ್ಡಿ ರಾಬಿನ್ಸನ್ ಎಂಬುವರು ಅಲ್ಲಿಗೆ ಫುಟ್‌ಬಾಲ್ ಗುರುವಾಗಿ ಬಂದರು. ಅದಕ್ಕೆ ಮೊದಲು ಬ್ಯಾಟನ್ ರೂಜ್ ಪಟ್ಟಣದ ದನಗಳ ಮೇವಿನ ಗಿರಣಿಯಲ್ಲಿ ಗಂಟೆಗೆ 25 ಸೆಂಟ್ ಕೂಲಿಗೆ ದುಡಿಯುತ್ತಿದ್ದವರು. ಗ್ರಾಂಬ್ಲಿಂಗ್‌ನಲ್ಲಿ ತಿಂಗಳಿಗೆ 63 ಡಾಲರ್ 75 ಸೆಂಟ್ ಸಂಬಳ. ಸಹಾಯಕರಿಲ್ಲ. ಮೈದಾನದ ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ಹುಡುಗರ ಉಳುಕಿದ ಕಾಲಿಗೆ ಪಟ್ಟಿ ಕಟ್ಟುವುದು, ಪಂದ್ಯದ ವರದಿ ಬರೆದು ಪತ್ರಿಕೆಗೆ ಕಳಿಸುವುದು ಎಲ್ಲ ಅವರದೇ. ಪರವೂರಿಗೆ ಪಂದ್ಯಕ್ಕೆ ಹೋಗುವಾಗ ದಾರಿಯ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಊಟ ಹಾಕುತ್ತಿರಲಿಲ್ಲ. ಆದ್ದರಿಂದ ಹೊರಡುವ ಮೊದಲೇ ಇಡೀ ತಂಡಕ್ಕೆ ಬ್ರೆಡ್ಡಿನ ಸ್ಯಾಂಡ್‌ವಿಚ್ ಮಾಡಿ ಕಟ್ಟಿಕೊಳ್ಳುತ್ತಿದ್ದರು. ಬುತ್ತಿ ಕಟ್ಟುವುದೆಂದರೆ ಏನೆಂದು ನಮಗೆ ಗೊತ್ತು. ಅದರಲ್ಲಿ ಹಸಿವಿನ ಲೆಕ್ಕ ಎಷ್ಟಿರುತ್ತದೋ ಮಾನದ ಲೆಕ್ಕವೂ ಅಷ್ಟೇ ಇರುತ್ತದೆ. ಯಾರ ಬಾಗಿಲಲ್ಲೂ ನಿಂತು ನನ್ನ ಮಕ್ಕಳು ಇಲ್ಲವೆನ್ನಿಸಿಕೊಳ್ಳಬಾರದು ಎಂಬ ಹಟದ ಬುತ್ತಿ ಅದು.

ಬೆಳಗ್ಗೆ ಹಸುವಿನ ಕೊರಳಗಂಟೆಯೊಂದನ್ನು ಹಿಡಿದು ಬಾರಿಸುತ್ತ ರಾಬಿನ್ಸನ್ ಹಾಸ್ಟೆಲಿನ ಓಣಿಯಲ್ಲಿ ಓಡಾಡುತ್ತಿದ್ದರಂತೆ. ಆಟಗಾರರು ಎದ್ದು ತರಗತಿಗೆ ಹೋಗಲೇಬೇಕು. ಊರಿಗೆ ಹೊರಟರೆ ಕೋಟು ಟೈ ಹಾಕಬೇಕು. ಪದವಿ ಮುಗಿಸದೆ ಹೋಗುವುದು ಅವರಿಗೆ ಸ್ವಲ್ಪವೂ ಸರಿಬರುತ್ತಿರಲಿಲ್ಲ. ಮೊದಲ ವರ್ಷ ಎಂಟು ಪಂದ್ಯಗಳಲ್ಲಿ ಐದನ್ನು ಸೋತ ತಂಡ ಎರಡನೆಯ ವರ್ಷ ಒಂದನ್ನೂ ಸೋಲಲಿಲ್ಲ, ಎದುರಾಳಿಗಳಿಗೆ ಒಂದು ಅಂಕವನ್ನೂ ಕೊಡಲಿಲ್ಲ. 1949ರಲ್ಲಿ ಅವರ ಶಿಷ್ಯ ಟ್ಯಾಂಕ್ ಯಂಗರ್ ವೃತ್ತಿಪರ ಲೀಗ್ ಸೇರಿದರು. ಕಪ್ಪು ಕಾಲೇಜಿನಿಂದ ಅಲ್ಲಿಗೆ ಹೋದವರಲ್ಲಿ ಅವರೇ ಮೊದಲಿಗರು. ಆಮೇಲೆ ಆ ದಾರಿಯಲ್ಲಿ ರಾಬಿನ್ಸನ್‌ರ 200ಕ್ಕೂ ಹೆಚ್ಚು ಹುಡುಗರು ಹೋದರು.

ಆದರೆ ಇವರೆಲ್ಲ ಓಡುವವರು, ಹಿಡಿಯುವವರು, ಕೆಡವುವವರು. ಯೋಚಿಸುವವನ ಜಾಗಕ್ಕೆ ಗ್ರಾಂಬ್ಲಿಂಗ್‌ನಿಂದ ಇನ್ನೂ ಯಾರೂ ಹೋಗಿರಲಿಲ್ಲ. ರಾಬಿನ್ಸನ್ ಸ್ವತಃ ತಮ್ಮ ಕಾಲೇಜು ದಿನಗಳಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಆ ಜಾಗದ ಬೀಗ ಎಷ್ಟು ಗಟ್ಟಿ ಎಂದು ಬಲ್ಲವರು. 1960ರ ದಶಕದಲ್ಲಿ ಅವರು ಒಂದು ನಿರ್ಧಾರ ಮಾಡಿದರು. ವೃತ್ತಿ ತಂಡಗಳು ಆಡುವ ಪದ್ಧತಿಯಲ್ಲೇ ತಮ್ಮ ಹುಡುಗರಿಗೆ ಆಟ ಕಲಿಸಬೇಕು. “ನಮ್ಮ ಪದ್ಧತಿ ಅವನಿಗೆ ಗೊತ್ತಿಲ್ಲ” ಎಂದು ಹೇಳಲು ಯಾರಿಗೂ ನೆಪ ಸಿಗಬಾರದು. ಹಾಗೆ ತಯಾರಾದ ಜೇಮ್ಸ್ ಹ್ಯಾರಿಸ್ 1969ರಲ್ಲಿ ಬಫೆಲೊ ತಂಡ ಸೇರಿದರು. ಋತುವಿನ ಮೊದಲ ಪಂದ್ಯಕ್ಕೇ ಕ್ವಾರ್ಟರ್‌ಬ್ಯಾಕ್ ಆಗಿ ಮೈದಾನಕ್ಕಿಳಿದ ಮೊದಲ ಕಪ್ಪು ಆಟಗಾರ ಅವರು. ಬಾಗಿಲು ಪೂರ್ತಿ ತೆರೆಯಲಿಲ್ಲ, ಸ್ವಲ್ಪ ಸಂದಾಯಿತು ಅನ್ನಿ.

ಆ ಸಂದಿನಿಂದ ಒಳಗೆ ಬಂದವರು ಡಗ್ ವಿಲಿಯಮ್ಸ್. 1955ರಲ್ಲಿ ಲೂಸಿಯಾನದ ಜಕಾರಿ ಎಂಬಲ್ಲಿ ಹುಟ್ಟಿದವರು, ದೊಡ್ಡ ಸಂಸಾರದ ಹುಡುಗ. ಕಪ್ಪು ಜನರನ್ನು ಹೆದರಿಸಲು ಕು ಕ್ಲಕ್ಸ್ ಕ್ಲಾನ್‌ನವರು ರಸ್ತೆ ಕೂಡುವ ಜಾಗಗಳಲ್ಲಿ ಶಿಲುಬೆ ಸುಡುತ್ತಿದ್ದುದನ್ನು ಬಾಲ್ಯದಲ್ಲಿ ಕಂಡದ್ದಾಗಿ ವಿಲಿಯಮ್ಸ್ ಮುಂದೆ ಹೇಳಿಕೊಂಡಿದ್ದಾರೆ. ಅಣ್ಣ ರಾಬರ್ಟ್ ಗ್ರಾಂಬ್ಲಿಂಗ್‌ನಲ್ಲಿ ಬೇಸ್‌ಬಾಲ್ ಆಡಿ ಬಂದವರು. ತಮ್ಮನಿಗೆ ಆಟದ ಮೊದಲ ಗುರು ಅವರೇ. ಮನೆಯ ಹತ್ತಿರದ ಪಟ್ಟಣದಲ್ಲೇ ಲೂಸಿಯಾನ ರಾಜ್ಯ ವಿಶ್ವವಿದ್ಯಾಲಯದ ಭಾರಿ ಕ್ರೀಡಾಂಗಣವಿತ್ತು. ಆದರೆ 1970ರ ದಶಕ ಕಾಲಿಡುವವರೆಗೂ ಅದರ ತಂಡದಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ವಿಲಿಯಮ್ಸ್‌ಗೆ ವಿದ್ಯಾರ್ಥಿವೇತನ ಕೊಟ್ಟು ಕರೆದವು ಎರಡೇ ಕಾಲೇಜುಗಳು. ಎರಡೂ ಕಪ್ಪು ಜನರ ಕಾಲೇಜುಗಳೇ. ಅವರು ಗ್ರಾಂಬ್ಲಿಂಗ್ ಆರಿಸಿಕೊಂಡರು.

1974ರಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗ ಅವರ ಪಾಲಿಗೆ ಬಂತು. ಆರಡಿ ನಾಲ್ಕಂಗುಲದ ಆಳು, ತೋಳಿನಲ್ಲಿ ಅಸಾಧ್ಯ ಕಸುವು. ನಾಲ್ಕು ವರ್ಷಗಳಲ್ಲಿ ಅವರು ಮುನ್ನಡೆಸಿದ ಪಂದ್ಯಗಳಲ್ಲಿ ತಂಡ ಗೆದ್ದದ್ದು 36, ಸೋತದ್ದು ಬರೀ 7. ಮೂರು ಬಾರಿ ತಮ್ಮ ಪ್ರಾಂತ್ಯದ ಕಾಲೇಜುಗಳ ಪ್ರಶಸ್ತಿ. 1976ರಲ್ಲಿ ಗ್ರಾಂಬ್ಲಿಂಗ್ ತಂಡ ಜಪಾನಿನ ಟೋಕಿಯೊಗೆ ಹೋಗಿ ಮಾರ್ಗನ್ ಸ್ಟೇಟ್ ಎಂಬ ಇನ್ನೊಂದು ಕಪ್ಪು ಕಾಲೇಜಿನೊಂದಿಗೆ ಆಡಿ ಗೆದ್ದು ಬಂತು. ದಾರಿಯ ಹೋಟೆಲಿನಲ್ಲಿ ಊಟ ಸಿಗದೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ತಂಡ ಸಮುದ್ರ ದಾಟಿತು.

ಕೊನೆಯ ವರ್ಷವಾದ 1977ರಲ್ಲಿ ವಿಲಿಯಮ್ಸ್ ಚೆಂಡೆಸೆದು ಗಳಿಸಿದ್ದು 3,286 ಗಜ, 38 ಟಚ್‌ಡೌನ್. ಆ ವರ್ಷ ದೇಶದ ಕಾಲೇಜು ಆಟಗಾರರಲ್ಲೇ ಅದು ಅತಿ ಹೆಚ್ಚು. ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯ ಮತದಾನದಲ್ಲಿ ಅವರಿಗೆ ನಾಲ್ಕನೆಯ ಸ್ಥಾನ ಬಂತು. ದೊಡ್ಡ ವಿಶ್ವವಿದ್ಯಾಲಯಗಳ ಹುಡುಗರದೇ ದರ್ಬಾರಾಗಿದ್ದ ಆ ಪಟ್ಟಿಯಲ್ಲಿ ಗ್ರಾಂಬ್ಲಿಂಗ್‌ನ ಹೆಸರು ನಾಲ್ಕನೆಯದಾಗಿ ಬಂದದ್ದೇ ದೊಡ್ಡ ಮಾತು. ರಾಬಿನ್ಸನ್‌ಗೆ ಇದರಷ್ಟೇ ಸಂತೋಷ ಕೊಟ್ಟದ್ದು ಬಹುಶಃ ಇನ್ನೊಂದು ಸಂಗತಿ: ವಿಲಿಯಮ್ಸ್ ಶಿಕ್ಷಣ ವಿಷಯದಲ್ಲಿ ಪದವಿ ಮುಗಿಸಿ ಎಂ.ಎ.ಗೆ ಸಮನಾದ ಓದಿಗೂ ಕೈಹಾಕಿದರು.

1978ರ ವಸಂತದಲ್ಲಿ, ವಿಲಿಯಮ್ಸ್ ಒಂದು ಶಾಲೆಯಲ್ಲಿ ಪಾಠ ಹೇಳುವ ತರಬೇತಿಯಲ್ಲಿದ್ದಾಗ, ಟ್ಯಾಂಪಾ ಬೇ ತಂಡದ ಸಹಾಯಕ ತರಬೇತುದಾರ ಜೋ ಗಿಬ್ಸ್ ಅಲ್ಲಿಗೆ ಬಂದರು. ಬಿಳಿಯರು. ತರಗತಿಯ ಹಿಂದುಗಡೆ ಕುಳಿತು ಈ ಯುವಕ ಮಕ್ಕಳಿಗೆ ಪಾಠ ಹೇಳುವುದನ್ನು ನೋಡಿದರು. ಆಮೇಲೆ ಒಟ್ಟಿಗೆ ಕೂತು ಆಟದ ಲೆಕ್ಕಾಚಾರ ಮಾತಾಡಿದರು. ಒಬ್ಬ ಕ್ವಾರ್ಟರ್‌ಬ್ಯಾಕನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ಇರಲಾರದು ಎಂದು ನನಗೆ ಅನ್ನಿಸುತ್ತದೆ. ತರಗತಿಯ ಮುಂದೆ ನಿಂತವನು ನಲವತ್ತು ಮುಖಗಳನ್ನು ಒಟ್ಟಿಗೆ ಓದಬೇಕು. ಯಾರಿಗೆ ತಿಳಿಯಿತು, ಯಾರು ಕಿಟಕಿಯಾಚೆ ನೋಡುತ್ತಿದ್ದಾರೆ ಎಂದು ಆ ಕ್ಷಣದಲ್ಲೇ ಅರಿಯಬೇಕು. ಗಿಬ್ಸ್‌ಗೆ ಸಂದೇಹ ಉಳಿಯಲಿಲ್ಲ. ಟ್ಯಾಂಪಾ ಬೇ ವಿಲಿಯಮ್ಸ್‌ರನ್ನು ಮೊದಲ ಸುತ್ತಿನಲ್ಲೇ, ಹದಿನೇಳನೆಯವರಾಗಿ ಆರಿಸಿತು, ಕ್ವಾರ್ಟರ್‌ಬ್ಯಾಕ್ ಜಾಗಕ್ಕೇ ಆರಿಸಿತು.

ಅದೇ ವರ್ಷ ವಾರನ್ ಮೂನ್ ಎಂಬ ಇನ್ನೊಬ್ಬ ಕಪ್ಪು ಕ್ವಾರ್ಟರ್‌ಬ್ಯಾಕ್ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೆಸರಾಂತ ರೋಸ್ ಬೌಲ್ ಪಂದ್ಯವನ್ನು ಗೆದ್ದುಕೊಟ್ಟು ಬಂದಿದ್ದರು. ಅವರನ್ನು ಯಾವ ತಂಡವೂ ಆರಿಸಲಿಲ್ಲ. ಮೂನ್ ಕೆನಡಾಕ್ಕೆ ಹೋದರು, ಅಲ್ಲಿ ಅವರ ತಂಡ ಸತತ ಐದು ವರ್ಷ ದೇಶದ ಪ್ರಶಸ್ತಿ ಗೆದ್ದಿತು. 1984ರಲ್ಲಷ್ಟೇ ಅಮೆರಿಕದ ಲೀಗ್ ಅವರಿಗೆ ಬಾಗಿಲು ತೆರೆಯಿತು. ವಿಲಿಯಮ್ಸ್‌ರ ಆಯ್ಕೆ ಎಷ್ಟು ಅಪರೂಪದ್ದೆಂದು ತಿಳಿಯಲು ಮೂನ್ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು.

ಟ್ಯಾಂಪಾ ಬೇ ಹುಟ್ಟಿದಂದಿನಿಂದ ಸತತ 26 ಪಂದ್ಯ ಸೋತು ಹೆಸರು ಕೆಡಿಸಿಕೊಂಡಿದ್ದ ತಂಡ. ವಿಲಿಯಮ್ಸ್ ಬಂದ ಎರಡನೆಯ ವರ್ಷಕ್ಕೆ ಅದು ಅಂತಿಮ ಪಂದ್ಯಕ್ಕೆ ಒಂದು ಮೆಟ್ಟಿಲು ಕೆಳಗೆ ಬಂದು ನಿಂತಿತು. ಐದು ವರ್ಷಗಳಲ್ಲಿ ಮೂರು ಬಾರಿ ಮುಂದಿನ ಹಂತಕ್ಕೆ ಹೋಯಿತು. ಹಾಗಿದ್ದೂ ಅವರಿಗೆ ಸಿಗುತ್ತಿದ್ದ ಸಂಬಳ ವರ್ಷಕ್ಕೆ 1,20,000 ಡಾಲರ್. ಲೀಗಿನ ಮುಖ್ಯ ಕ್ವಾರ್ಟರ್‌ಬ್ಯಾಕ್‌ಗಳಲ್ಲೇ ಅದು ಅತಿ ಕಡಿಮೆ. ಬೇರೆ ತಂಡಗಳಲ್ಲಿ ಬದಲಿ ಆಟಗಾರರಾಗಿ ಬೆಂಚಿನ ಮೇಲೆ ಕೂತಿರುತ್ತಿದ್ದ ಎಷ್ಟೋ ಜನಕ್ಕೆ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು. ಒಮ್ಮೆ ಯಾರೋ ಚಂದವಾಗಿ ಕಾಗದ ಸುತ್ತಿದ ಪೆಟ್ಟಿಗೆಯೊಂದನ್ನು ಕಳಿಸಿದರು. ತೆರೆದರೆ ಒಳಗೆ ಕೊಳೆತ ಕಲ್ಲಂಗಡಿ, ಜೊತೆಗೆ ಜನಾಂಗವನ್ನು ಹೀಗಳೆಯುವ ಚೀಟಿ. ಆ ನಾಡಿನಲ್ಲಿ ಕಪ್ಪು ಜನರನ್ನು ಹಂಗಿಸಲು ಕಲ್ಲಂಗಡಿಯನ್ನು ಬಳಸುವ ಕೆಟ್ಟ ಚಾಳಿ ಹಳೆಯದು.

1983ರ ಏಪ್ರಿಲ್‌ನಲ್ಲಿ ಅವರ ಹೆಂಡತಿ ಜಾನಿಸ್ ಮೆದುಳಿನ ಗಡ್ಡೆಯಿಂದ ತೀರಿಕೊಂಡರು. ಮದುವೆಯಾಗಿ ಒಂದು ವರ್ಷ. ಮಗುವಿಗೆ ಮೂರು ತಿಂಗಳು. ಅದೇ ಹೊತ್ತಿಗೆ ಸಂಬಳದ ಮಾತುಕತೆ ಮುರಿದು ಬಿದ್ದಿತು. ವಿಲಿಯಮ್ಸ್ ಟ್ಯಾಂಪಾ ಬಿಟ್ಟು ಕೈಗೂಸಿನೊಂದಿಗೆ ಹುಟ್ಟೂರಿಗೆ ಹೊರಟರು. ಅವರು ಬಿಟ್ಟ ಮೇಲೆ ಆ ತಂಡ ಮತ್ತೆ ಮುಂದಿನ ಹಂತ ಕಂಡದ್ದು 1997ರಲ್ಲಿ. ಹೊಸದಾಗಿ ಹುಟ್ಟಿದ್ದ ಇನ್ನೊಂದು ಲೀಗಿನಲ್ಲಿ ಅವರು ಎರಡು ವರ್ಷ ಆಡಿದರು, ಆ ಲೀಗೂ ಮುಚ್ಚಿಹೋಯಿತು. 1986ರಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ಫೋನ್ ಮಾಡಿದವರು ಅದೇ ಜೋ ಗಿಬ್ಸ್. ಅಷ್ಟು ಹೊತ್ತಿಗೆ ಅವರು ವಾಷಿಂಗ್ಟನ್ ತಂಡದ ಮುಖ್ಯ ತರಬೇತುದಾರರಾಗಿದ್ದರು. ಬದಲಿ ಆಟಗಾರನಾಗಿ ಬರುವೆಯಾ ಎಂದು ಕೇಳಿದರು. ವಿಲಿಯಮ್ಸ್ ಹೋದರು. ಆ ವರ್ಷ ಪೂರ್ತಿ ಅವರಿಗೆ ಚೆಂಡೆಸೆಯಲು ಸಿಕ್ಕಿದ ಅವಕಾಶ ಒಂದೇ ಒಂದು.

ಮರುವರ್ಷ ಮುಖ್ಯ ಆಟಗಾರ ಎಡವಿದಾಗ ಗಿಬ್ಸ್ ವಿಲಿಯಮ್ಸ್‌ರನ್ನು ಮುಂದೆ ತಂದರು. ತಂಡ ಗೆಲ್ಲುತ್ತ ಗೆಲ್ಲುತ್ತ ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಬಂತು. ಆ ಪಂದ್ಯಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ ಮೊದಲ ಕಪ್ಪು ಆಟಗಾರ ವಿಲಿಯಮ್ಸ್.

1988ರ ಜನವರಿ 31, ಸ್ಯಾನ್ ಡಿಯೆಗೊ. ಹಿಂದಿನ ದಿನವಷ್ಟೇ ಹಲ್ಲುನೋವಿಗೆ ರೂಟ್ ಕೆನಾಲ್ ಮಾಡಿಸಿಕೊಂಡಿದ್ದರು. ಪಂದ್ಯವನ್ನು ಹದಿನೈದು ನಿಮಿಷಗಳ ನಾಲ್ಕು ಭಾಗ ಮಾಡಿರುತ್ತಾರೆ. ಮೊದಲ ಭಾಗ ಮುಗಿಯುವ ಹೊತ್ತಿಗೆ ಎದುರಾಳಿ ಡೆನ್ವರ್ 10 ಅಂಕ ಗಳಿಸಿತ್ತು, ವಾಷಿಂಗ್ಟನ್ ಸೊನ್ನೆ. ಮೇಲಾಗಿ ವಿಲಿಯಮ್ಸ್ ಕಾಲು ಜಾರಿ ಬಿದ್ದು ಮೊಣಕಾಲು ತಿರುಚಿಕೊಂಡು ಹೊರಗೆ ಬಂದರು. ಎರಡನೆಯ ಭಾಗಕ್ಕೆ ಮತ್ತೆ ಇಳಿದರು. ಮೊದಲ ಎಸೆತವೇ 80 ಗಜದ ಟಚ್‌ಡೌನ್. ಆಮೇಲೆ 27 ಗಜದ್ದು, 50 ಗಜದ್ದು, 8 ಗಜದ್ದು. ಹದಿನೈದು ನಿಮಿಷಗಳ ಆಟದಲ್ಲಿ ನಾಲ್ಕು ಟಚ್‌ಡೌನ್ ಎಸೆತ, ತಂಡಕ್ಕೆ 35 ಅಂಕ. ಕೊನೆಗೆ 42–10. ಪಂದ್ಯದ ಅತ್ಯುತ್ತಮ ಆಟಗಾರ ಅವರೇ. ನೋಡಲು ಬಂದಿದ್ದವರಲ್ಲಿ ಎಡ್ಡಿ ರಾಬಿನ್ಸನ್ ಇದ್ದರು. ಅರವತ್ತೆಂಟು ವರ್ಷದ ಆ ಮೇಷ್ಟರ ಎದೆ ಅಂದು ಹೇಗೆ ತುಂಬಿ ಬಂದಿರಬೇಕು, ನೀವೇ ಊಹಿಸಿಕೊಳ್ಳಿ.

ಆ ವಾರದ ಇನ್ನೊಂದು ಸಂಗತಿ ಪಂದ್ಯದಷ್ಟೇ ಪ್ರಸಿದ್ಧವಾಗಿದೆ. ಪಂದ್ಯಕ್ಕೆ ಮುಂಚೆ ಪತ್ರಕರ್ತರು ವಿಲಿಯಮ್ಸ್‌ರನ್ನು ಮುತ್ತಿಕೊಂಡಾಗ ಒಬ್ಬರು “ನೀವು ಎಷ್ಟು ಕಾಲದಿಂದ ಕಪ್ಪು ಕ್ವಾರ್ಟರ್‌ಬ್ಯಾಕ್ ಆಗಿದ್ದೀರಿ?” ಎಂದು ಕೇಳಿದರಂತೆ. ವರ್ಷಗಟ್ಟಲೆ ಜನ ಇದನ್ನು ಹೇಳಿಕೊಂಡು ನಕ್ಕರು. ನಿಜವಾಗಿ ಕೇಳಿದ್ದು ಹಾಗಲ್ಲ. ಹುಟ್ಟಿದಾಗಿನಿಂದ ನೀವು ಕಪ್ಪಗೇ ಇದ್ದೀರಿ, ಆದರೆ ಅದು ಮುಖ್ಯ ವಿಷಯವಾದದ್ದು ಯಾವಾಗಿನಿಂದ ಎಂಬ ಅರ್ಥದ ಪ್ರಶ್ನೆ ಅದು. ಗದ್ದಲದಲ್ಲಿ ವಿಲಿಯಮ್ಸ್ ಕಿವಿಗೆ ಬೇರೆ ರೀತಿ ಬಿತ್ತು, ಅದೇ ಊರೆಲ್ಲ ಹರಡಿತು.

ತಪ್ಪಾಗಿ ಕೇಳಿಸಿದ ಪ್ರಶ್ನೆ ನಗೆಗೀಡಾಯಿತು, ಸರಿಯಾದ ಪ್ರಶ್ನೆ ಉತ್ತರವಿಲ್ಲದೆ ಉಳಿಯಿತು. ಅವರ ಬದುಕನ್ನು ನೋಡಿದರೆ ಉತ್ತರ ಕಷ್ಟವಲ್ಲ. ಗ್ರಾಂಬ್ಲಿಂಗ್‌ನ ಆ ನಾಲ್ಕು ವರ್ಷ ಅವರು ಬರೀ ಕ್ವಾರ್ಟರ್‌ಬ್ಯಾಕ್. ಅಲ್ಲಿ ಎಸೆಯುವವನೂ ಕಪ್ಪು, ಹಿಡಿಯುವವನೂ ಕಪ್ಪು, ಗುರುವೂ ಕಪ್ಪು, ಚಪ್ಪಾಳೆ ತಟ್ಟುವವರೂ ಕಪ್ಪು. ನಿನಗೆ ಯೋಚಿಸಲು ಬರುತ್ತದೆಯೇ ಎಂದು ಅಲ್ಲಿ ಯಾರೂ ಕೇಳಲಿಲ್ಲ; ಬೆಳಗ್ಗೆ ಗಂಟೆ ಬಾರಿಸಿ ಎಬ್ಬಿಸಿ ಯೋಚಿಸುವುದನ್ನು ಕಲಿಸಿದರು. 1978ರಲ್ಲಿ ಕಾಲೇಜಿನ ಗೇಟು ದಾಟಿದ ದಿನ ಅವರು “ಕಪ್ಪು ಕ್ವಾರ್ಟರ್‌ಬ್ಯಾಕ್” ಆದರು. ಇದು ನಮಗೆ ಹೊಸದೇನಲ್ಲ. ಹೆರಿಗೆ ಮಾಡಿಸುವಾಗ ಅವರು ಡಾಕ್ಟರೇ, ಹೊರಗೆ ಬಂದ ಕೂಡಲೆ “ಲೇಡಿ ಡಾಕ್ಟರು”. ಬಸ್ಸು ಓಡಿಸುವವಳು “ಮಹಿಳಾ ಡ್ರೈವರ್”. ಕೆಲಸಕ್ಕೆ ಅಂಟಿಸಿದ ಆ ಒಂದು ಪದದಲ್ಲಿ ಹೊಗಳಿಕೆಯೂ ಇರುತ್ತದೆ, “ಇದು ನಿಮ್ಮ ಜಾಗವಲ್ಲ, ಹೇಗೋ ಬಂದಿದ್ದೀರಿ” ಎಂಬ ಮಾತೂ ಇರುತ್ತದೆ.

ಆ ಪಂದ್ಯದ ನಂತರ ಎಲ್ಲ ಬದಲಾಯಿತೆಂದು ಹೇಳಿದರೆ ಸುಳ್ಳಾದೀತು. ಗಾಯ, ಶಸ್ತ್ರಚಿಕಿತ್ಸೆಗಳ ನಡುವೆ ವಿಲಿಯಮ್ಸ್‌ರ ವೃತ್ತಿಜೀವನ ಎರಡೇ ವರ್ಷದಲ್ಲಿ ಮುಗಿಯಿತು. ಕಪ್ಪು ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಒಬ್ಬರು ಮತ್ತೆ ಮೊದಲ ಸುತ್ತಿನಲ್ಲಿ ಆಯ್ಕೆಯಾದದ್ದು 1995ರಲ್ಲಿ, ಮಿಸಿಸಿಪಿಯ ಆಲ್ಕಾರ್ನ್ ಸ್ಟೇಟ್‌ನ ಸ್ಟೀವ್ ಮೆಕ್‌ನೇರ್. ಸೂಪರ್ ಬೌಲ್ ಗೆದ್ದ ಎರಡನೆಯ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಾಗಿ 2014ರವರೆಗೆ, ಅಂದರೆ 26 ವರ್ಷ ಕಾಯಬೇಕಾಯಿತು. ಅವರು ಸಿಯಾಟಲ್‌ನ ರಸೆಲ್ ವಿಲ್ಸನ್. 2023ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ಎರಡೂ ಕಡೆ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳೇ ಇದ್ದರು: ಪ್ಯಾಟ್ರಿಕ್ ಮಹೋಮ್ಸ್ ಮತ್ತು ಜೇಲನ್ ಹರ್ಟ್ಸ್. 2025ರಲ್ಲಿ ಅವರಿಬ್ಬರೇ ಮತ್ತೆ ಎದುರಾದರು.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಸುಖಾಂತವಾಗುತ್ತದೆ. ಆದರೆ ಹರ್ಟ್ಸ್ ಓದಿದ ಕಾಲೇಜನ್ನು ನೋಡಿ. ಅವರು ಮೊದಲು ಆಡಿದ್ದು ಅಲಬಾಮಾ ವಿಶ್ವವಿದ್ಯಾಲಯದಲ್ಲಿ. 1963ರಲ್ಲಿ ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಆ ರಾಜ್ಯದ ಗವರ್ನರ್ ಸ್ವತಃ ಬಾಗಿಲಿಗೆ ಅಡ್ಡ ನಿಂತಿದ್ದ ವಿಶ್ವವಿದ್ಯಾಲಯ ಅದು. ಬಾಗಿಲು ತೆರೆದದ್ದು ಒಳ್ಳೆಯದೇ, ತೆರೆಯಲೇಬೇಕಿತ್ತು. ತೆರೆದ ಮೇಲೆ ಜಾಣ ಕಪ್ಪು ಹುಡುಗರು ದುಡ್ಡಿರುವ, ಟಿ.ವಿ. ಇರುವ, ದೊಡ್ಡ ಕ್ರೀಡಾಂಗಣವಿರುವ ಆ ವಿಶ್ವವಿದ್ಯಾಲಯಗಳಿಗೆ ಹೋದರು. ಅದೂ ಸಹಜವೇ. ಗ್ರಾಂಬ್ಲಿಂಗ್‌ನಂಥ ಕಾಲೇಜುಗಳಿಗೆ ಬರುವವರು ಕಡಿಮೆಯಾದರು. ಆ ಹುಡುಗರನ್ನು ಯಾರೂ ಕರೆಯದಿದ್ದಾಗ ಕರೆದು ಓದಿಸಿದ್ದ ಮನೆಗಳು ಅವು.

ರಾಬಿನ್ಸನ್ 1997ರಲ್ಲಿ ನಿವೃತ್ತರಾದರು. ಒಟ್ಟು 408 ಗೆಲುವು, ಆದರೆ ಕೊನೆಯ ವರ್ಷಗಳಲ್ಲಿ ಸೋಲುಗಳೇ ಹೆಚ್ಚು. ಅವರ ಜಾಗಕ್ಕೆ 1998ರಲ್ಲಿ ಬಂದವರು ಡಗ್ ವಿಲಿಯಮ್ಸ್. 2000, 2001, 2002 ಮೂರು ವರ್ಷವೂ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟರು. ಮುಂದೆ ಬಿಟ್ಟುಹೋಗಿ 2011ರಲ್ಲಿ ಮತ್ತೆ ಬಂದರು, ಆ ವರ್ಷವೂ ಗೆದ್ದರು. 2013ರ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆಯಿತು. ಮುಂದಿನ ತಿಂಗಳು ಗ್ರಾಂಬ್ಲಿಂಗ್‌ನ ಹುಡುಗರು ಪಂದ್ಯಕ್ಕೆ ಹೋಗಲು ನಿರಾಕರಿಸಿದರು. ಅಭ್ಯಾಸದ ಕಟ್ಟಡದಲ್ಲಿ ಬೂಷ್ಟು ಹಿಡಿದಿದೆ, ನೂರಾರು ಮೈಲಿ ಬಸ್ಸಿನಲ್ಲೇ ಕೂತು ಪಂದ್ಯಕ್ಕೆ ಹೋಗಬೇಕು ಎಂಬುದು ಅವರ ದೂರು. ರಾಜ್ಯ ಸರ್ಕಾರದ ಅನುದಾನ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತೇವೆ. ಇಲ್ಲಿ ಮಾರು ಗೆಲ್ಲುತ್ತ ಬಂದ ಹಾಗೆ ಮನೆಯೇ ಬಡವಾಯಿತು.

ಆದ್ದರಿಂದಲೇ ವಿಲಿಯಮ್ಸ್ ಮಾಡಿದ ಕೆಲಸಗಳಲ್ಲಿ ನನಗೆ ಬಹಳ ಹಿಡಿಸಿದ್ದು ಗದ್ದಲವಿಲ್ಲದೆ ನಡೆದ ಒಂದು ಕೆಲಸ. 2009ರಲ್ಲಿ ಅವರೂ, ತಮಗಿಂತ ಮೊದಲು ಅದೇ ಕಾಲೇಜಿನಿಂದ ಹೋಗಿದ್ದ ಜೇಮ್ಸ್ ಹ್ಯಾರಿಸ್ ಅವರೂ ಸೇರಿ ಕಪ್ಪು ಕಾಲೇಜುಗಳ ಆಟಗಾರರಿಗೆಂದೇ ಒಂದು ಗೌರವ ಸಂಸ್ಥೆಯನ್ನು ಸ್ಥಾಪಿಸಿದರು. ವರ್ಷವರ್ಷವೂ ಅಲ್ಲಿ ಹಿಂದಿನವರ ಹೆಸರುಗಳನ್ನು ಸೇರಿಸುತ್ತಾರೆ. ದೊಡ್ಡ ಪಂದ್ಯ ಗೆದ್ದವರ ಹೆಸರನ್ನು ಜಗತ್ತು ತಾನಾಗಿಯೇ ನೆನಪಿಡುತ್ತದೆ. ಅವರನ್ನು ಗೆಲ್ಲುವಂತೆ ಮಾಡಿದ ಊರು, ಶಾಲೆ, ಮೇಷ್ಟರು, ಕಟ್ಟಿಕೊಟ್ಟ ಬುತ್ತಿ ಇವನ್ನು ಉಂಡವರೇ ನೆನೆಯಬೇಕು. ಎಡ್ಡಿ ರಾಬಿನ್ಸನ್ 2007ರಲ್ಲಿ ತೀರಿಕೊಂಡರು. ಗ್ರಾಂಬ್ಲಿಂಗ್‌ನಲ್ಲಿ ಈಗ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ತಿಂಗಳಿಗೆ 63 ಡಾಲರ್ 75 ಸೆಂಟ್‌ಗೆ ಕೆಲಸಕ್ಕೆ ಸೇರಿ, ಪಂದ್ಯದ ಹಿಂದಿನ ದಿನ ಕೂತು ಮಕ್ಕಳಿಗೆ ಬ್ರೆಡ್ಡು ಕಟ್ಟುತ್ತಿದ್ದವರ ಮನೆ ಅದು ಎಂದು ತಿಳಿದು ಒಳಗೆ ಹೋಗುವವರು ಹೆಚ್ಚಲಿ.